ಹೆಸರಿಲ್ಲದ ಬಿಗೋನಿಯಗಳನ್ನು ಗುರುತಿಸುವ ಕ್ರಮ: ಗೊಬ್ಬೂರಿನ ಒಂದು ಮನೆಯ ಸಸ್ಯಸಂಗ್ರಹ

ಶಾಸನವೊಂದರಲ್ಲಿ ಶಕವರ್ಷದ ಉಲ್ಲೇಖವಿಲ್ಲದಿದ್ದರೆ ಅದರ ಲಿಪಿ, ಭಾಷೆ, ಅದರಲ್ಲಿ ಬರುವ ಅರಸರ ಹೆಸರು ಮೊದಲಾದವುಗಳಿಂದ ಕಾಲವನ್ನು ನಿರ್ಣಯಿಸುವ ಪದ್ಧತಿಯು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಹಲ್ಮಿಡಿ ಶಾಸನದಲ್ಲಿ ಕಾಲನಿರ್ದೇಶವಿಲ್ಲ. ಆದರೂ ಅದು ಸುಮಾರು ಕ್ರಿ. ಶ. ೪೫೦ರದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವುದು ಇಂಥ ಆಂತರಿಕ ಪ್ರಮಾಣಗಳ ಬಲದಿಂದಲೇ. ಆ ನಿರ್ಣಯದಲ್ಲಿ ‘ಸುಮಾರು’ ಎಂಬ ಮಾತನ್ನು ಯಾರೂ ಕೈಬಿಡುವುದಿಲ್ಲವೆಂಬುದೂ ಗಮನಾರ್ಹವಾಗಿದೆ. ಪ್ರಮಾಣವು ಎಷ್ಟನ್ನು ಹೇಳುವುದೋ ಅಷ್ಟಕ್ಕೇ ನಿಲ್ಲಬೇಕೆಂಬುದು ಈ ಪದ್ಧತಿಯ ಮುಖ್ಯ ನಿಯಮ. ಹೆಸರಿನ ಚೀಟಿ ಕಳೆದುಹೋದ ತೋಟದ ಸಸ್ಯಗಳ ವಿಷಯದಲ್ಲಿಯೂ ಇದೇ ನಿಯಮವು ಸಲ್ಲುವುದೆಂಬುದನ್ನು ಒಂದು ಪ್ರತ್ಯಕ್ಷ ಉದಾಹರಣೆಯಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಸಂಗ್ರಹದ ಸ್ವರೂಪ

ಕಲಬುರಗಿ ಜಿಲ್ಲೆಯ ಗೊಬ್ಬೂರಿನ ಮನೆಯೊಂದರಲ್ಲಿ ಬಿಗೋನಿಯ ಗಿಡಗಳ ಹದಿನಾಲ್ಕು ಕುಂಡಗಳಿವೆ. ಬೇಸಗೆಯ ಬಿಸಿಲು ೪೦ ಡಿಗ್ರಿ ಸೆಲ್ಸಿಯಸನ್ನು ಮೀರುವ ಈ ಕರಿಮಣ್ಣಿನ ಬಯಲು, ನೆರಳನ್ನೂ ತೇವದ ಗಾಳಿಯನ್ನೂ ಬೇಡುವ ಈ ಸಸ್ಯಕ್ಕೆ ಸಹಜವಾದ ನೆಲೆಯಲ್ಲ. ಉತ್ತರಕ್ಕೆ ತೆರೆದ ಪಡಸಾಲೆಯಲ್ಲಿ, ಕುಡಿಯುವ ನೀರಿನ ಹರವಿಗಳನ್ನಿಟ್ಟ ಕಟ್ಟೆಯ ಬದಿಗೆ, ಬೇಸಗೆಯಲ್ಲಿ ನೆನೆಸಿದ ಗೋಣಿತಾಟನ್ನು ಇಳಿಬಿಟ್ಟು ಇವುಗಳನ್ನು ಉಳಿಸಿಕೊಂಡು ಬಂದಿರುವರು. ಇವುಗಳನ್ನು ಹಲವು ವರ್ಷಗಳ ಕಾಲ ಕೂಡಿಸಿ ಸಾಕಿದ ಗೃಹಿಣಿಯು ಈಗ ಇಲ್ಲ. ಪ್ರತಿಯೊಂದರ ಹೆಸರನ್ನೂ ಬಲ್ಲವರು ಅವರೊಬ್ಬರೇ ಆಗಿದ್ದರು. ಕುಂಡಗಳಿಗೆ ಕಟ್ಟಿದ್ದ ಕಾಗದದ ಚೀಟಿಗಳ ಮಸಿ ನೀರಿನಲ್ಲಿ ಕರಗಿಹೋಗಿದೆ. ಹೆಣ್ಣುಮಕ್ಕಳಿಬ್ಬರು ಗಿಡಗಳನ್ನು ಹಂಚಿಕೊಂಡು ತಮ್ಮ ತಮ್ಮ ಊರಿಗೆ ಒಯ್ಯಲಿರುವುದರಿಂದ, ಅದಕ್ಕೆ ಮುಂಚೆ ಹೆಸರುಗಳನ್ನು ಗೊತ್ತುಮಾಡಿಕೊಡಬೇಕೆಂದು ಮನೆಯವರು ನಮ್ಮನ್ನು ಕೇಳಿದರು.

ಇದರಲ್ಲಿ ಕುತೂಹಲಕ್ಕಿಂತ ಹೆಚ್ಚಿನ ಪ್ರಯೋಜನವಿದೆ. ಬಿಗೋನಿಯಗಳಲ್ಲಿ ಕೆಲವು ವರ್ಷವಿಡೀ ಹಸಿರಾಗಿರುತ್ತವೆ. ಗೆಡ್ಡೆಯುಳ್ಳ ಕೆಲವು ಚಳಿಗಾಲ ಬೇಸಗೆಗಳಲ್ಲಿ ಎಲೆ ಕಾಂಡಗಳನ್ನೆಲ್ಲ ಕಳೆದುಕೊಂಡು ಮಣ್ಣಿನೊಳಗೆ ಸುಪ್ತವಾಗಿರುತ್ತವೆ. ಈ ಭೇದವನ್ನು ಅರಿಯದವರು ಸುಪ್ತ ಗೆಡ್ಡೆಗೆ ನಿತ್ಯವೂ ನೀರೆರೆದು ಕೊಳೆಯಿಸುವರು, ಇಲ್ಲವೆ ಗಿಡವು ಸತ್ತಿತೆಂದು ಕುಂಡವನ್ನೇ ಬರಿದುಮಾಡುವರು. ಈ ಸಂಗ್ರಹದಲ್ಲಿಯೂ ಒಂದು ಕುಂಡವನ್ನು ಬರಿಮಣ್ಣೆಂದು ಬಗೆದು ಹಿತ್ತಲಿಗೆ ಹಾಕಿದ್ದರು. ಮೃಗಶಿರಾ ಮಳೆಯ ಬಳಿಕ ಅದರಲ್ಲಿ ಮೊಳಕೆಯೊಡೆಯಿತು.

೨. ಹೆಸರಿನ ಇತಿಹಾಸ

ಬಿಗೋನಿಯವೆಂಬುದು ಒಂದು ಜಾತಿಯ ಹೆಸರು. ಅದರೊಳಗೆ ಇಂದು ೨೦೦೦ಕ್ಕೂ ಮಿಕ್ಕಿದ ಪ್ರಭೇದಗಳು ಗೊತ್ತಾಗಿವೆ. ತೋಟಗಾರರು ಪ್ರಭೇದಗಳನ್ನು ಬೆರಸಿ ಪಡೆದ ತಳಿಗಳು ಇನ್ನೂ ಸಾವಿರಾರು. ಫ್ರಾನ್ಸಿನ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆದ ಶಾರ್ಲ್ ಪ್ಲೂಮಿಯೆಯು ವೆಸ್ಟ್ ಇಂಡೀಸಿನಲ್ಲಿ ಈ ಸಸ್ಯಗಳನ್ನು ಕಂಡು, ತನ್ನ ಪೋಷಕನೂ ಫ್ರೆಂಚ್ ಅಧಿಕಾರಿಯೂ ಆಗಿದ್ದ ಮಿಶೆಲ್ ಬೆಗೋಂ ಎಂಬವನ ಗೌರವಾರ್ಥವಾಗಿ ಈ ಹೆಸರನ್ನಿಟ್ಟನು. ಲಿನೇಯಸನು ೧೭೫೩ರಲ್ಲಿ ಅದನ್ನೇ ಉಳಿಸಿಕೊಂಡನು. ನಮ್ಮ ನಾಡಿನ ಪಶ್ಚಿಮ ಘಟ್ಟಗಳ ಬಿಗೋನಿಯವೊಂದು ಅದಕ್ಕೂ ಮುಂಚೆಯೇ ಗ್ರಂಥಸ್ಥವಾಗಿದ್ದಿತೆಂಬುದು ನೆನೆಯತಕ್ಕ ಸಂಗತಿ. ಕೊಚ್ಚಿಯ ಡಚ್ಚರ ಆಡಳಿತಗಾರನಾದ ವಾನ್ ರೀಡನು ೧೬೭೮ರಿಂದ ೧೬೯೩ರ ವರೆಗೆ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಇದನ್ನು ಚಿತ್ರಸಹಿತವಾಗಿ ವರ್ಣಿಸಿರುವನು. ಅಲ್ಲಿ ಕೊಟ್ಟಿರುವ ಮಲಯಾಳದ ಹೆಸರಿನ ಕೊನೆಯಲ್ಲಿ ‘ಪುಳಿ’ ಎಂಬ ಪದವಿದೆ. ಅದು ನಮ್ಮ ‘ಹುಳಿ’ ಶಬ್ದವೇ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವ ನಿಯಮವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಗೋನಿಯದ ರಸವು ಆಕ್ಸಾಲಿಕ್ ಆಮ್ಲದಿಂದ ಹುಳಿಯಾಗಿರುವುದು. ಹಳ್ಳಿಗರು ನಾಲಗೆಯಿಂದ ಅರಿತ ಲಕ್ಷಣವು ಹೀಗೆ ಹೆಸರಿನಲ್ಲಿ ನಿಂತಿದೆ. ಮುಂದೆ ೧೭೮೫ರಲ್ಲಿ ಲಾಮಾರ್ಕನು ಇದಕ್ಕೆ ಬಿಗೋನಿಯ ಮಲಬಾರಿಕ ಎಂದು ಹೆಸರಿಟ್ಟನು.

ಮನೆಗಳಲ್ಲಿ ಕಾಣುವ ಗಿಡಗಳಾದರೋ ಬಹುತೇಕ ದೂರದ ಪ್ರಯಾಣ ಮಾಡಿ ಬಂದವು. ಬಣ್ಣಬಣ್ಣದ ಎಲೆಗಳುಳ್ಳ ರೆಕ್ಸ್ ತಳಿಗಳ ಮೂಲಸಸ್ಯವು ಅಸ್ಸಾಮಿನದು. ಅಲ್ಲಿಂದ ಬೆಲ್ಜಿಯಮ್ಮಿಗೆ ಹೋದ ಆರ್ಕಿಡ್ ಗಿಡಗಳೊಡನೆ ಅದು ಲಿಂಡನ್ ಎಂಬ ಸಸ್ಯವ್ಯಾಪಾರಿಯ ಗಾಜಿನ ಮನೆಯನ್ನು ಸೇರಿತು. ೧೮೫೭ರಲ್ಲಿ ಅದಕ್ಕೆ ಬಿಗೋನಿಯ ರೆಕ್ಸ್ ಎಂಬ ಹೆಸರಾಯಿತು. ಯುರೋಪಿನಲ್ಲಿ ಇತರ ಪ್ರಭೇದಗಳೊಡನೆ ಬೆರೆತ ಅದರ ಸಂತತಿಯು ಹೊಸ ಹೆಸರುಗಳನ್ನು ಹೊತ್ತು ಮರಳಿ ಭಾರತದ ಮನೆಗಳಿಗೆ ಬಂದಿತು. ಆದುದರಿಂದ ಪಡಸಾಲೆಯ ಒಂದು ಕುಂಡವೂ ಹತ್ತೊಂಬತ್ತನೆಯ ಶತಮಾನದ ವ್ಯಾಪಾರದ ಸಾಕ್ಷಿಯಾಗಿ ಇತಿಹಾಸಕಾರನ ಗಮನಕ್ಕೆ ಅರ್ಹವಾಗಿದೆ.

೩. ಬಾಹ್ಯ ಪ್ರಮಾಣಗಳು

ಗಿಡವನ್ನು ಪರೀಕ್ಷಿಸುವುದಕ್ಕೆ ಮುಂಚೆ ಅದು ಎಲ್ಲಿಂದ, ಯಾವಾಗ, ಯಾರ ಕೈಯಿಂದ ಬಂದಿತೆಂಬುದನ್ನು ವಿಚಾರಿಸಬೇಕು. ನೆರೆಹೊರೆಯವರ ನೆನಪು, ಗಿಡಮಾರುವವರ ರಸೀದಿ, ಹಳೆಯ ಭಾವಚಿತ್ರಗಳು ಇವೆಲ್ಲವೂ ಉಪಯುಕ್ತವೇ. ಈ ಮನೆಯ ಖರ್ಚಿನ ವಹಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಿಂದ ‘ಎಲೆಗಿಡ ಮೂರು’ ತಂದುದಾಗಿ ಒಂದು ನಮೂದು ಇದೆ. ಸಂಗ್ರಹದಲ್ಲಿ ರೆಕ್ಸ್ ಬಗೆಯ ಗಿಡಗಳೂ ಮೂರೇ ಇವೆ. ಆದರೆ ಸಂಖ್ಯೆಯು ಹೊಂದಿದ ಮಾತ್ರಕ್ಕೆ ಎರಡೂ ಒಂದೇ ಎನ್ನಲಾಗದು. ತಂದ ಮೂರರಲ್ಲಿ ಒಂದು ಸತ್ತು ಬೇರೊಂದು ಸೇರಿರಬಹುದು. ಇರುವ ಮೂರೂ ಬೇರೆ ಕಡೆಯಿಂದ ಬಂದಿರಬಹುದು. ಆದುದರಿಂದ ನಾವು ಈ ನಮೂದನ್ನು ದಾಖಲಿಸಿಕೊಂಡೆವೇ ಹೊರತು ಅದರ ಮೇಲೆ ನಿರ್ಣಯವನ್ನು ನಿಲ್ಲಿಸಲಿಲ್ಲ.

ಐತಿಹ್ಯದ ಪರೀಕ್ಷೆ ಇದಕ್ಕಿಂತ ಸ್ವಾರಸ್ಯವಾದುದು. ಎರಡು ಕುಂಡಗಳನ್ನು ತೋರಿಸಿ ಮನೆಯವರು, ಇವು ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದಿನ ತೋಟವೊಂದರಿಂದ ಬಂದವೆಂದು ಹಿರಿಯರು ಹೇಳುತ್ತಿದ್ದರೆಂದರು. ಆ ಆಳ್ವಿಕೆಯು ೧೯೪೮ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮೊದಲನೆಯ ಗಿಡಕ್ಕೆ ದುಂಡಾದ, ದಪ್ಪವಾದ, ಮೇಲೆ ಹೊಳೆಯುವ ಹಸಿರೂ ಕೆಳಗೆ ಕಡುಕೆಂಪೂ ಆದ ಎಲೆಗಳಿವೆ. ಕಾಂಡವು ನೆಲಕ್ಕಂಟಿ ಹರಿಯುವುದು. ಚಳಿಗಾಲದ ಕೊನೆಗೆ ನೀಳವಾದ ತೊಟ್ಟಿನ ಮೇಲೆ ನಸುಗೆಂಪು ಹೂಗಳು ಬರುವುವು. ಇದು ೧೮೪೫ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ‘ಎರಿತ್ರೋಫಿಲ್ಲ’ ಎಂಬ ತಳಿ. ಇದರ ವಿಷಯದಲ್ಲಿ ಐತಿಹ್ಯವು ಸಂಭವನೀಯವೇ ಆಗಿದೆ.

ಎರಡನೆಯದರ ಎಲೆಯು ಉಬ್ಬುತಗ್ಗುಗಳಿಂದ ಕೂಡಿ ಬಿರುಸಾಗಿದೆ. ನಡುವೆ ಶಿಲುಬೆಯನ್ನು ಹೋಲುವ ಕಂದುಬಣ್ಣದ ಗುರುತಿದೆ. ಇದು ಬಿಗೋನಿಯ ಮೇಸೋನಿಯಾನ. ಮಾರಿಸ್ ಮೇಸನ್ ಎಂಬ ಇಂಗ್ಲೆಂಡಿನ ಸಸ್ಯಸಂಗ್ರಾಹಕನು ೧೯೫೨ರಲ್ಲಿ ಇದನ್ನು ಸಿಂಗಪುರದಿಂದ ತನ್ನ ದೇಶಕ್ಕೆ ಒಯ್ದ ಬಳಿಕವೇ ಇದು ತೋಟಗಳಲ್ಲಿ ಹರಡಿತು. ದಕ್ಷಿಣ ಚೀನಾ ಮತ್ತು ವಿಯೆಟ್ನಾಮ್ ಇದರ ಸಹಜ ನೆಲೆಯೆಂಬುದು ಮುಂದೆ ತಿಳಿದ ಸಂಗತಿ. ಈ ಗಿಡವು ೧೯೪೮ಕ್ಕೆ ಮುಂಚೆ ಸಿಂಗಪುರದಿಂದ ನೇರವಾಗಿ ಹೈದರಾಬಾದಿಗೆ ಬಂದಿತೆಂದು ಬೇರೆ ಆಧಾರದಿಂದ ಸಾಧಿಸಿದ ಹೊರತು, ಇದರ ವಿಷಯದಲ್ಲಿ ಐತಿಹ್ಯವು ನಿಲ್ಲದು. ಹಿರಿಯರು ಹೇಳಿದುದು ಒಂದು ಕುಂಡವನ್ನು ಕುರಿತಿದ್ದು, ಪಕ್ಕದಲ್ಲಿದ್ದ ಇನ್ನೊಂದಕ್ಕೂ ಕಾಲಕ್ರಮದಲ್ಲಿ ಅದು ಅಂಟಿಕೊಂಡಿರಬೇಕು. ಐತಿಹ್ಯವನ್ನು ಇಡಿಯಾಗಿ ನಂಬುವುದೂ ಇಡಿಯಾಗಿ ತಳ್ಳುವುದೂ ಸಲ್ಲದೆಂಬುದಕ್ಕೆ ಇದು ಸಣ್ಣದಾದರೂ ಸ್ಪಷ್ಟವಾದ ನಿದರ್ಶನ.

೪. ಆಂತರಿಕ ಪ್ರಮಾಣಗಳು

ಗಿಡವು ಬಿಗೋನಿಯವೇ ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಎಲೆಯ ನಡುನರದ ಎರಡು ಪಕ್ಕಗಳು ಸಮನಾಗಿರದೆ ಒಂದು ದೊಡ್ಡದಾಗಿಯೂ ಇನ್ನೊಂದು ಚಿಕ್ಕದಾಗಿಯೂ ಇರುವುವು. ತೊಟ್ಟಿನ ಬುಡದಲ್ಲಿ ಕಾವಿನೆಲೆಗಳೆಂಬ ಎರಡು ಕಿರಿಯ ಪೊರೆಗಳಿರುವುವು. ಗಂಡು ಹೂವೂ ಹೆಣ್ಣು ಹೂವೂ ಒಂದೇ ಗಿಡದಲ್ಲಿ ಬೇರೆಬೇರೆಯಾಗಿ ಅರಳುವುವು. ಹೆಣ್ಣು ಹೂವಿನ ದಳಗಳ ಕೆಳಗಿರುವ ಅಂಡಾಶಯಕ್ಕೆ ಸಾಮಾನ್ಯವಾಗಿ ಮೂರು ರೆಕ್ಕೆಗಳಿದ್ದು, ಅವುಗಳಲ್ಲಿ ಒಂದು ಉಳಿದೆರಡಕ್ಕಿಂತ ದೊಡ್ಡದಾಗಿರುವುದುಂಟು. ಬೀಜವು ಧೂಳಿನಷ್ಟು ಸಣ್ಣದು.

ಇದರ ಮುಂದಿನ ಹೆಜ್ಜೆ ಗಿಡವು ಯಾವ ಗುಂಪಿಗೆ ಸೇರಿದುದೆಂಬುದನ್ನು ಗೊತ್ತುಮಾಡುವುದು. ಇದಕ್ಕೆ ಹೂವಿಗಿಂತ ಕಾಂಡವೇ ಮುಖ್ಯ. ಬಿದಿರಿನಂತೆ ಗಿಣ್ಣುಗಿಣ್ಣಾಗಿ ನೆಟ್ಟಗೆ ಬೆಳೆಯುವ ಕಾಂಡವುಳ್ಳವು ಒಂದು ಗುಂಪು. ನೆಲದ ಮೇಲೆ ಹರಿಯುವ ದಪ್ಪ ಕಾಂಡದಿಂದ ಎಲೆಗಳನ್ನು ಎತ್ತುವವು ಇನ್ನೊಂದು. ಇದೇ ರೀತಿಯ ಕಾಂಡವಿದ್ದರೂ ಎಲೆಯಲ್ಲಿ ಬೆಳ್ಳಿ, ನೇರಳೆ, ಕೆಂಪು ಬಣ್ಣಗಳು ಕೂಡಿರುವ ರೆಕ್ಸ್ ತಳಿಗಳನ್ನು ಪ್ರತ್ಯೇಕವಾಗಿ ಎಣಿಸುವರು. ಮಣ್ಣಿನೊಳಗೆ ಗೆಡ್ಡೆಯುಳ್ಳವು, ಪೊದೆಯಂತೆ ಕವಲೊಡೆಯುವವು, ಉದ್ಯಾನಗಳ ಪಾತಿಗಳಲ್ಲಿ ವರ್ಷವಿಡೀ ಹೂಬಿಡುವ ಸೆಂಪರ್‌ಫ್ಲೋರೆನ್ಸ್ ತಳಿಗಳು, ಇಳಿಬೀಳುವವು, ಕಾಂಡವೇ ಬಹಳ ದಪ್ಪನಾಗಿರುವವು ಇವು ಉಳಿದ ಗುಂಪುಗಳು. ಗುಂಪು ತಿಳಿದರೆ ನೀರು, ನೆರಳು, ವಿಶ್ರಾಂತಿಕಾಲ ಇವುಗಳ ವಿಷಯದಲ್ಲಿ ಬೇಕಾದ ತಿಳಿವಳಿಕೆಯ ಬಹುಭಾಗವು ದೊರೆತಂತಾಯಿತು. ಹೆಸರು ತಿಳಿಯದೆ ಗಿಡವನ್ನು ಸಾಕಬಹುದು. ಗುಂಪು ತಿಳಿಯದೆ ಸಾಕುವುದು ಕಷ್ಟ.

ಮೂರನೆಯ ಹೆಜ್ಜೆಯಲ್ಲಿ ಎಲೆ ಹೂಗಳ ವಿವರಗಳನ್ನು ಪರೀಕ್ಷಿಸಬೇಕು. ಎಲೆಯ ಎರಡು ಮೈಗಳ ಬಣ್ಣ, ರೋಮಗಳು ಎಲ್ಲಿವೆಯೆಂಬುದು, ಅಂಚಿನ ಹಲ್ಲುಗಳು, ಕಾವಿನೆಲೆಗಳು ಉಳಿಯುವವೋ ಉದುರುವವೋ ಎಂಬುದು, ಗಂಡು ಹೂವಿನ ಮತ್ತು ಹೆಣ್ಣು ಹೂವಿನ ದಳಗಳ ಸಂಖ್ಯೆ, ಅಂಡಾಶಯವನ್ನು ಅಡ್ಡಲಾಗಿ ಕೊಯ್ದಾಗ ಕಾಣುವ ಕೋಣೆಗಳು ಇವುಗಳನ್ನು ಬರೆದಿಟ್ಟುಕೊಳ್ಳಬೇಕು. ಇವುಗಳಲ್ಲಿ ಎಲ್ಲ ಲಕ್ಷಣಗಳ ಬೆಲೆಯೂ ಒಂದೇ ಅಲ್ಲ. ಎಲೆಯ ಬಣ್ಣವು ಬೆಳಕಿಗೆ ತಕ್ಕಂತೆ ಮಾರ್ಪಡುವುದು: ಹೆಚ್ಚು ಬಿಸಿಲಿನಲ್ಲಿ ಹಸಿರೆಲೆಯೂ ಕಂಚಿನ ಬಣ್ಣ ತಾಳುವುದು; ಎಳೆಯ ಎಲೆಯ ಮೇಲಿನ ಬಿಳಿಯ ಚುಕ್ಕೆಗಳು ಬಲಿತ ಎಲೆಯಲ್ಲಿ ಮಾಸಬಹುದು. ಅಂಡಾಶಯದ ರಚನೆಯಾದರೋ ಬಿಸಿಲಿಗೂ ನೆರಳಿಗೂ ಬದಲಾಗುವುದಿಲ್ಲ. ಶಾಸನದಲ್ಲಿ ಕಲ್ಲಿನ ಬಣ್ಣಕ್ಕಿಂತ ಅಕ್ಷರದ ರೂಪವು ಹೇಗೆ ಬಲವಾದ ಪ್ರಮಾಣವೋ ಹಾಗೆಯೇ ಇಲ್ಲಿ ಎಲೆಯ ಬಣ್ಣಕ್ಕಿಂತ ಹೂವಿನ ರಚನೆ. ಆದುದರಿಂದ ಹೂಬಿಡುವ ವರೆಗೆ ಕಾಯುವುದು ಅನಿವಾರ್ಯ. ನಾವು ಈ ಕುಂಡಗಳನ್ನು ಮಳೆಗಾಲದಿಂದ ಮುಂದಿನ ಬೇಸಗೆಯ ವರೆಗೆ ಒಂದು ಪೂರ್ಣ ಚಕ್ರದಲ್ಲಿ ನೋಡಿದ್ದೇವೆ.

೫. ಪರೀಕ್ಷೆಯ ಫಲ

ಹದಿನಾಲ್ಕು ಕುಂಡಗಳಲ್ಲಿ ನಿಶ್ಚಿತವಾಗಿ ಹೆಸರಿಸಬಹುದಾದವು ಮೂರು. ‘ಎರಿತ್ರೋಫಿಲ್ಲ’, ಮೇಸೋನಿಯಾನ ಇವೆರಡನ್ನು ಮೇಲೆ ಹೇಳಿದ್ದೇವೆ. ಮೂರನೆಯದು ಬಿಗೋನಿಯ ಮ್ಯಾಕುಲೇಟ. ಇದು ಬ್ರೆಜಿಲಿನ ಪ್ರಭೇದ. ೧೮೨೦ರಲ್ಲಿ ರಾಡ್ಡಿಯೆಂಬ ಸಸ್ಯಶಾಸ್ತ್ರಜ್ಞನು ಇದನ್ನು ವರ್ಣಿಸಿದನು. ಬಿದಿರಿನಂಥ ಕಾಂಡ, ನೀಳವಾದ ಎಲೆಯ ಮೇಲೆ ಎದ್ದುಕಾಣುವ ಬಿಳಿಯ ಚುಕ್ಕೆಗಳು, ಕೆಳಮೈಯ ಕೆಂಪು, ಬಿಳಿಯ ಹೂ ಇವೆಲ್ಲವೂ ಹೊಂದಿಬಂದಿವೆ.

ಸಂಭವನೀಯವೆಂದು ಮಾತ್ರ ಹೇಳಬಹುದಾದವು ಮೂರು. ಚುಕ್ಕೆಗಳುಳ್ಳ ಇನ್ನೊಂದು ಎತ್ತರದ ಗಿಡವು ದೊಡ್ಡ ಗೊಂಚಲುಗಳಲ್ಲಿ ನಸುಗೆಂಪು ಹೂಬಿಡುವುದರಿಂದ ಮ್ಯಾಕುಲೇಟ ಎನಿಸಲಾರದು. ಸ್ವಿಟ್ಜರ್ಲೆಂಡಿನ ಲುಸರ್ನ್ ನಗರದಲ್ಲಿ ೧೮೯೨ರಲ್ಲಿ ಹುಟ್ಟಿದ ‘ಲುಸರ್ನ’ ತಳಿಯನ್ನು ಅದು ಬಹುವಾಗಿ ಹೋಲುವುದು. ಆದರೆ ಅದನ್ನು ಹೋಲುವ ಬೇರೆ ಮಿಶ್ರತಳಿಗಳೂ ಇರುವುದರಿಂದ ಹೆಸರಿನ ಮುಂದೆ ಪ್ರಶ್ನಚಿಹ್ನೆಯನ್ನು ಇಟ್ಟಿದ್ದೇವೆ. ಎಲೆಯಂಚಿನಲ್ಲಿ ಕಣ್ಣರೆಪ್ಪೆಯಂಥ ರೋಮಗಳಿರುವ ಚಿಕ್ಕ ಗಿಡವೊಂದು ಮೆಕ್ಸಿಕೋ ದೇಶದ ಬಿಗೋನಿಯ ಬೊವೆರೆಯ ಸಂತತಿಯೆಂದು ತೋರುವುದು. ಯಾವ ತಳಿಯೆಂದು ಹೇಳಲಾಗದು. ಹಿತ್ತಲಿನಲ್ಲಿ ಮೊಳೆತ ಗೆಡ್ಡೆಯ ಗಿಡವು, ಮಳೆಗಾಲದಲ್ಲಿ ಸಹ್ಯಾದ್ರಿಯ ಬಂಡೆಗಳ ಮೇಲೆ ಕಾಣುವ ಬಿಗೋನಿಯ ಕ್ರೆನಾಟವಾಗಿರಬಹುದು. ಡ್ರಯಾಂಡರನು ೧೭೯೧ರಲ್ಲಿ ಹೆಸರಿಸಿದ ಈ ಪ್ರಭೇದವೇ ಹೌದೆಂದು ಹೇಳಲು ಕಾಯಿ ಬಲಿತುದನ್ನು ನೋಡಬೇಕು. ಈ ಕುಂಡದಲ್ಲಿ ಕಾಯಿಗಟ್ಟುವ ಮೊದಲೇ ಹೂಗಳು ಉದುರಿದವು.

ಉಳಿದ ಎಂಟನ್ನು ಗುಂಪಿನ ವರೆಗೆ ಮಾತ್ರ ತಂದಿದ್ದೇವೆ: ರೆಕ್ಸ್ ತಳಿಗಳು ಮೂರು, ಸೆಂಪರ್‌ಫ್ಲೋರೆನ್ಸ್ ತಳಿಗಳು ಮೂರು, ಬಿದಿರುಕಾಂಡದವು ಎರಡು. ಇದಕ್ಕೆ ನೋಡುವವರ ಅಶ್ರದ್ಧೆ ಕಾರಣವಲ್ಲ. ರೆಕ್ಸ್ ಗಿಡಗಳನ್ನು ಬೀಜದಿಂದ ಬೆಳೆಸಿದರೆ ಪ್ರತಿಯೊಂದು ಸಸಿಯೂ ಬೇರೆಯಾಗುವುದು. ಅಂಥ ಸಸಿಗೆ ಯಾರೂ ಎಂದೂ ಹೆಸರಿಟ್ಟಿಲ್ಲದಿರಬಹುದು. ಇಲ್ಲದ ಹೆಸರನ್ನು ಹುಡುಕುವುದು ವ್ಯರ್ಥ. ತಳಿಯ ಹೆಸರೆಂಬುದು ಲಕ್ಷಣಕ್ಕಷ್ಟೇ ಅಲ್ಲದೆ ವಂಶಕ್ಕೂ ಸೇರಿದುದು. ಎರಡು ಗಿಡಗಳು ನೋಟಕ್ಕೆ ಒಂದೇ ಆಗಿದ್ದರೂ ಅವುಗಳ ವಂಶ ಬೇರೆಯಾಗಿರಬಹುದಾದುದರಿಂದ, ಬಂದ ದಾರಿಯ ದಾಖಲೆಯಿಲ್ಲದೆ ಚಿತ್ರವೊಂದಕ್ಕೆ ಹೋಲಿಸಿ ತಳಿಯ ಹೆಸರನ್ನು ಸ್ಥಾಪಿಸಲಾಗದು.

೬. ತಪ್ಪು ಹೆಸರಿನ ಹಾನಿ

ಹಾಗಿದ್ದರೂ ಯಾವುದೋ ಒಂದು ಹೆಸರನ್ನು ಬರೆದಿಟ್ಟರೆ ಆಗುವ ಕೇಡೇನೆಂದು ಕೇಳುವವರುಂಟು. ಬಿಗೋನಿಯವು ಒಂದು ಎಲೆಯಿಂದಲೇ ಹೊಸ ಗಿಡವಾಗಬಲ್ಲದು. ಹಾಗೆ ಬಂದ ಗಿಡವು ತಾಯಿಗಿಡದ ತದ್ರೂಪವೇ ಆಗಿರುವುದು. ಒಬ್ಬರು ಹತ್ತು ಮನೆಗಳಿಗೆ ಎಲೆಗಳನ್ನು ಕೊಟ್ಟರೆ ತಪ್ಪು ಹೆಸರೂ ಹತ್ತು ಮನೆಗಳಿಗೆ ಹೋಗುವುದು. ಮುಂದೆ ಆ ಹತ್ತು ಮನೆಗಳ ಏಕಾಭಿಪ್ರಾಯವೇ ಅದಕ್ಕೆ ಪ್ರಮಾಣವೆನಿಸುವುದು. ಓಲೆಗರಿಯ ಒಂದು ಪ್ರತಿಯ ತಪ್ಪನ್ನು ನಕಲುಮಾಡಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗಲಾರವೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಶಾಸನಗಳಲ್ಲಿಯೂ ಹೀಗೆಯೇ: ಪಶ್ಚಿಮ ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವನ್ನು ಕೂಟಶಾಸನಗಳೆಂದು ಫ್ಲೀಟರು ವಾದಿಸಿದ ಬಳಿಕ, ಆ ವಂಶದ ಕಾಲಗಣನೆಯನ್ನು ಶೋಧಿಸುವುದಕ್ಕೆ ವಿದ್ವಾಂಸರು ಬಹಳ ಶ್ರಮಿಸಬೇಕಾಯಿತು. ಕಾಲವಿಲ್ಲದ ಶಾಸನವು ಸಂಶೋಧಕನನ್ನು ಹುಡುಕಾಟಕ್ಕೆ ಹಚ್ಚುವುದು. ಸುಳ್ಳು ಕಾಲವುಳ್ಳ ಶಾಸನವು ಹುಡುಕಾಟವನ್ನೇ ನಿಲ್ಲಿಸಿಬಿಡುವುದು.

ಈ ಕಾರಣದಿಂದ ಬಿಗೋನಿಯ ಪ್ರಿಯರ ಸಂಸ್ಥೆಗಳಲ್ಲಿ ಹೆಸರಿಲ್ಲದ ಗಿಡವನ್ನು ಹೆಸರಿಲ್ಲದಂತೆಯೇ ಕಾಪಾಡುವ ಪದ್ಧತಿ ಬೆಳೆದಿದೆ. ೧೯೩೨ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಅಮೆರಿಕದ ಬಿಗೋನಿಯ ಸಂಘವು ಗುರುತು ಸಿಕ್ಕದ ಪ್ರಭೇದಗಳಿಗೆ ಕ್ರಮಸಂಖ್ಯೆಗಳನ್ನು ಕೊಡುವುದು. ಸರಿಯಾದ ಹೆಸರು ದೊರೆಯುವ ವರೆಗೆ ಗಿಡವು ಆ ಸಂಖ್ಯೆಯಿಂದಲೇ ವ್ಯವಹಾರದಲ್ಲಿರುವುದು. ತಳಿಗಳ ಹೆಸರುಗಳನ್ನು ದಾಖಲುಮಾಡುವ ಅಂತರರಾಷ್ಟ್ರೀಯ ಅಧಿಕಾರವೂ ಇದೇ ಸಂಘದ್ದು. ಬೆಳೆಸಿದ ಸಸ್ಯಗಳ ನಾಮಕರಣಕ್ಕೆ ೧೯೫೩ರಲ್ಲಿ ಮೊದಲ ಬಾರಿ ಪ್ರಕಟವಾದ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ತಳಿಯ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ರೂಢಿಯು ಅದನ್ನು ಅನುಸರಿಸಿದುದು.

೭. ವಹಿ ಮತ್ತು ತಗಡು

ಗೊಬ್ಬೂರಿನ ಸಂಗ್ರಹಕ್ಕೂ ಇದೇ ಕ್ರಮವನ್ನು ಅಳವಡಿಸಿದ್ದೇವೆ. ಪ್ರತಿಯೊಂದು ಕುಂಡಕ್ಕೂ ಒಂದು ಸಂಖ್ಯೆ. ಅದನ್ನು ತೆಳುವಾದ ಅಲ್ಯೂಮಿನಿಯಮ್ ತಗಡಿನ ಚೂರಿನ ಮೇಲೆ ಮೊಳೆಯಿಂದ ಕೊರೆದು, ಒಂದನ್ನು ಕುಂಡಕ್ಕೆ ಕಟ್ಟಿ ಇನ್ನೊಂದನ್ನು ಮಣ್ಣಿನೊಳಗೆ ಹೂಳಲಾಗಿದೆ. ಮೇಲಿನದು ಕಳೆದರೂ ಒಳಗಿನದು ಉಳಿಯುವುದು. ಕಾಗದದ ಚೀಟಿಯನ್ನೇ ಬಳಸುವವರು ಮಸಿಯ ಬದಲು ಸೀಸದ ಕಡ್ಡಿಯಿಂದ ಬರೆಯುವುದು ಲೇಸು. ವಹಿಯಲ್ಲಿ ಆ ಸಂಖ್ಯೆಯ ಎದುರಿಗೆ ಗಿಡದ ವರ್ಣನೆ, ಬಂದ ದಾರಿ, ಹೂಬಿಟ್ಟ ತಿಂಗಳು, ಹೆಸರು, ಆ ಹೆಸರಿಗೆ ಆಧಾರ, ಅದು ನಿಶ್ಚಿತವೋ ಸಂಭವನೀಯವೋ ಎಂಬುದು ಇವಿಷ್ಟನ್ನು ಬರೆದಿದೆ. ಮನೆಯವರ ಐತಿಹ್ಯವನ್ನೂ ಅವರ ಮಾತಿನಲ್ಲಿಯೇ ಬರೆದು, ನಮ್ಮ ಅಭಿಪ್ರಾಯವನ್ನು ಬೇರೆ ಅಂಕಣದಲ್ಲಿ ಇಟ್ಟಿದ್ದೇವೆ. ಎರಡನ್ನೂ ಬೆರಸಿದರೆ ಮುಂದಿನವರಿಗೆ ಯಾವುದು ಕೇಳಿದುದು, ಯಾವುದು ಕಂಡುದು ಎಂಬ ವಿವೇಕ ಉಳಿಯದು. ವಹಿಯ ಎರಡು ಪ್ರತಿಗಳನ್ನು ಮಾಡಿ ಹೆಣ್ಣುಮಕ್ಕಳಿಬ್ಬರಿಗೂ ಒಂದೊಂದನ್ನು ಕೊಡಲಾಗಿದೆ. ಗಿಡದ ರಸವು ಹುಳಿಯೆಂದು ಆಡುಮರಿಗಳು ಎಲೆಗೆ ಬಾಯಿಹಾಕದೆ ಇರಲಾರವು. ಹೆಚ್ಚಾಗಿ ತಿಂದರೆ ಅದರ ಆಕ್ಸಲೇಟುಗಳು ಅಪಾಯಕರವಾದುದರಿಂದ ಕುಂಡಗಳನ್ನು ಎತ್ತರದಲ್ಲಿಡಬೇಕೆಂಬ ಸೂಚನೆಯನ್ನೂ ಅದರಲ್ಲಿ ಸೇರಿಸಿದ್ದೇವೆ.

ನಮ್ಮ ಕಾಲೇಜುಗಳಲ್ಲಿ ಆಕರಸಾಮಗ್ರಿಯ ಪರೀಕ್ಷಾಕ್ರಮವನ್ನು ಕಲಿಸುವಾಗ ವಿದ್ಯಾರ್ಥಿಗಳ ಕೈಗೆ ಮೂಲಶಾಸನವಾಗಲಿ ತಾಡವೋಲೆಯಾಗಲಿ ಸುಲಭವಾಗಿ ದೊರೆಯುವುದಿಲ್ಲ. ಮನೆಯ ಅಂಗಳದಲ್ಲಿಯೇ ಇರುವ ಹೆಸರಿಲ್ಲದ ಗಿಡ, ಅದನ್ನು ಕುರಿತ ಹಿರಿಯರ ನೆನಪು, ಹಳೆಯ ಖರ್ಚಿನ ವಹಿ ಇವು ಆ ಅಭ್ಯಾಸಕ್ಕೆ ಸಾಕಾದ ಸಾಧನಗಳು. ಸಸ್ಯಶಾಸ್ತ್ರ ವಿಭಾಗದವರ ನೆರವಿನಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಇಂಥ ಒಂದು ಸಂಗ್ರಹದ ವಹಿಯನ್ನು ಸಿದ್ಧಪಡಿಸಬಹುದು. ಬಲ್ಲವರು ಬದುಕಿರುವಾಗಲೇ ಈ ಕೆಲಸ ನಡೆದರೆ ಉತ್ತಮ. ಗೊಬ್ಬೂರಿನ ಹದಿನಾಲ್ಕು ಕುಂಡಗಳಲ್ಲಿ ಎಂಟಕ್ಕೆ ಇಂದು ಹೆಸರಿಲ್ಲದಿರುವುದಕ್ಕೆ, ಅವುಗಳನ್ನು ತಂದವರನ್ನು ಕೇಳಿ ಬರೆದಿಟ್ಟುಕೊಂಡವರು ಯಾರೂ ಇಲ್ಲದೆ ಹೋದುದೇ ಮುಖ್ಯ ಕಾರಣವೆಂದು ಹೇಳಬಹುದಾಗಿದೆ.